ಕಾಲೇಜಿನ ಅರ್ಜಿಗೆ ಮೊದಲು ಸಭೆಯ ಪತ್ರ

ಪ್ರಶ್ನೆ: ನನಗೆ 25 ವರ್ಷ, ತೀರ್ಥಹಳ್ಳಿ ಕಡೆಯವನು. ಬಿ.ಕಾಂ. ಮುಗಿಸಿ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಸಭಾಪಾಲಕನಾಗುವಾಸೆ, ಅಂದರೆ ಪಾಸ್ಟರ್. ‘ಮತ್ತೆ ನಾಲ್ಕು ವರ್ಷ ಓದೋಕೆ ಹೋದ್ರೆ ತೋಟ ಯಾರು ನೋಡ್ತಾರೆ?’ ಅಂತಾರೆ ಅಪ್ಪ. ಗೆಳೆಯನೊಬ್ಬ ಒಂದು ವರ್ಷದ ಆನ್‌ಲೈನ್ ಕೋರ್ಸ್ ಮಾಡು ಅಂತಿದ್ದಾನೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಏನು ಮಾಡಲಿ?

ಉತ್ತರ: ಆನ್‌ಲೈನ್ ಕೋರ್ಸ್ ಸಂಡೇ ಸ್ಕೂಲ್ ನಡೆಸೋದಕ್ಕೆ, ಸ್ವಂತ ಓದಿಗೆ ಅಡ್ಡಿಯಿಲ್ಲ. ಸಿಎಸ್‌ಐನಲ್ಲಿ ಸಭಾಪಾಲಕನ ದೀಕ್ಷೆ ಬೇಕೆಂದರೆ ಸಾಮಾನ್ಯವಾಗಿ ಕೇಳುವುದು ಬಂಗಾಳದ ಸೆರಾಂಪುರ್ ಕಾಲೇಜಿನ ಸೆನೆಟ್ ಕೊಡುವ ದೇವಶಾಸ್ತ್ರದ ಪದವಿ, ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ). 1827ರಲ್ಲಿ ಡೆನ್ಮಾರ್ಕ್ ದೊರೆ ಕೊಟ್ಟ ಸನ್ನದು, 1918ರ ಕಾಯ್ದೆ, ಇವೆರಡರ ಬಲದ ಮೇಲೆ ಕೊಡುವ ಪದವಿ ಅದು. ಪದವೀಧರರಿಗೆ ನಾಲ್ಕು ವರ್ಷ, ಹಾಸ್ಟೆಲ್‌ನಲ್ಲೇ ಇದ್ದು ಓದಬೇಕು.

ಬಹಳ ಜನ ಎಡವುವುದು ಕ್ರಮದಲ್ಲಿ. ಕಾಲೇಜಿಗೆ ಸೇರಿದ ಮೇಲೆ ಡಯಾಸಿಸ್ (ಬಿಷಪ್ಪರ ಆಡಳಿತದ ಸಭಾಪ್ರಾಂತ) ಒಪ್ಪಿಕೊಂಡೀತು ಅಂದುಕೊಳ್ಳುತ್ತಾರೆ. ಸ್ವಂತ ಖರ್ಚಿನಲ್ಲಿ ಬಿ.ಡಿ. ಮುಗಿಸಿ, ಕಳಿಸಿಕೊಟ್ಟ ಸಭೆಯೇ ಇಲ್ಲದೆ ದೀಕ್ಷೆಗಾಗಿ ಬಾಗಿಲು ಬಾಗಿಲು ತಟ್ಟುವವರಿದ್ದಾರೆ. ನೀವು ಮೊದಲು ನಿಮ್ಮ ಸಭೆಯ ಅಯ್ಯನವರ (ಸಭಾಪಾಲಕರ) ಹತ್ತಿರ ಮಾತಾಡಿ. ಅವರ ಶಿಫಾರಸು, ಪಾಸ್ಟರೇಟ್ ಕಮಿಟಿಯ (ಸ್ಥಳೀಯ ಸಭೆಯ ಆಡಳಿತ ಸಮಿತಿ) ಠರಾವು, ಡಯಾಸಿಸ್‌ನ ಸಂದರ್ಶನ, ಬಿಷಪ್ಪರ ಪತ್ರ ಆದ ಮೇಲೆ ಕಾಲೇಜಿನ ಪ್ರವೇಶ ಪರೀಕ್ಷೆ. ಡಯಾಸಿಸ್‌ಗೆ ತಕ್ಕಂತೆ ಹಂತಗಳು ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಫೀಸು, ಹಾಸ್ಟೆಲ್ ಖರ್ಚು ಯಾರು ಎಷ್ಟು ಹೊರುತ್ತಾರೆ, ಓದು ಮುಗಿದ ಮೇಲೆ ಎಷ್ಟು ವರ್ಷ ಸೇವೆ ಕಡ್ಡಾಯ, ಇದನ್ನೆಲ್ಲ ಆಗಲೇ ಬರಹದಲ್ಲಿ ಪಡೆಯಿರಿ. ಕೇಳಲು ಸಂಕೋಚ ಬೇಡ, ನಂಬಿಕೆ ಕಮ್ಮಿ ಅಂತ ಯಾರೂ ತಿಳಿಯುವುದಿಲ್ಲ.

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ‘ರಜೆಗೆ ಬಂದು ನೋಡ್ಕೋತೀನಿ’ ಎಂದು ಮಾತ್ರ ಮಾತು ಕೊಡಬೇಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಹೊತ್ತಿಗೆ, ಮತ್ತೆ 40–45 ದಿನಕ್ಕೆ. ಆಗ ನೀವು ತರಗತಿಯಲ್ಲಿರುತ್ತೀರಿ. ಔಷಧಿ ಹೊಡೆಸುವ ಕೂಲಿ ಎಷ್ಟು, ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟರೆ ಕೈಗೆ ಉಳಿಯುವುದೆಷ್ಟು ಅಂತ ಅಪ್ಪನ ಮುಂದೆಯೇ ಕೂತು ನಾಲ್ಕು ವರ್ಷದ ಲೆಕ್ಕ ಹಾಕಿ. ಲೆಕ್ಕ ಬರೆಯುವುದು ನಿಮ್ಮ ಕಸುಬೇ ಅಲ್ಲವೇ?

ಇಂಗ್ಲಿಷ್‌ಗೆ ಹೆದರಿ ಹಿಂದೆ ಸರಿಯಬೇಡಿ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಕನ್ನಡದಲ್ಲಿ ಓದಬಹುದು. ಬೆಂಗಳೂರಿನ ಯುಟಿಸಿಯಲ್ಲಿ (ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು) ಪಾಠ ಇಂಗ್ಲಿಷಿನಲ್ಲಿ. ಪುಸ್ತಕಗಳು ಮಾತ್ರ ಎಲ್ಲಿ ಹೋದರೂ ಹೆಚ್ಚಾಗಿ ಇಂಗ್ಲಿಷಿನವೇ, ಹಾಗಾಗಿ ದಿನಕ್ಕೆರಡು ಪುಟ ಓದುವ ರೂಢಿ ಈಗಲೇ ಮಾಡಿಕೊಳ್ಳಿ.

ನಿಜವಾಗಿ ಬೆವರಿಳಿಸುವುದು ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕ್. ಯೋಹಾನನ ಸುವಾರ್ತೆಯ ಮೊದಲ ಸಾಲಿನ ‘ವಾಕ್ಯ’ವನ್ನೇ ನೋಡಿ. ಮೂಲದ ಪದ ಲೋಗೊಸ್. ಮಾತು, ತರ್ಕ, ಲೆಕ್ಕ ಎಲ್ಲಕ್ಕೂ ಅದೇ ಒಂದು ಪದ. ನಮ್ಮ ಕಿವಿಗೆ ‘ವಾಕ್ಯ’ ಅಂದರೆ ವ್ಯಾಕರಣದ ವಾಕ್ಯವೂ ಹೌದು, ದೇವರ ವಾಕ್ಯವೂ ಹೌದು. ಪ್ರಸಂಗ ಮಾಡುವವನಿಗೆ ಈ ವ್ಯತ್ಯಾಸ ಗೊತ್ತಿರಬೇಕು, ಅದಕ್ಕೇ ಆ ಕಷ್ಟ. ಮೊದಲ ವರ್ಷ ಕ್ರಿಯಾಪದದ ರೂಪಗಳಲ್ಲಿ ಹಿಂದೆ ಬಿದ್ದವರಿಗೆ ಆಮೇಲೆ ಚೇತರಿಸಿಕೊಳ್ಳುವುದು ಕಷ್ಟ. ಈ ಮಳೆಗಾಲದಲ್ಲಿ 24 ಅಕ್ಷರ ಕೈಗೆ ಕೂರಿಸಿಕೊಂಡು, ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿ. ಪ್ರವೇಶ ಪತ್ರ ಕೈಗೆ ಬರುವ ತನಕ ಸೊಸೈಟಿ ಕೆಲಸ ಬಿಡಬೇಡಿ.