ಕೋಜಾಗಿರಿಗೆ 25 ಜನರ ಮಸಾಲೆ ಹಾಲು

ನಮಸ್ಕಾರ ಅಕ್ಕಾವ್ರೇ. ಪುಣೆಯ ಕೋಥರೂಡಿನ ನಿಮ್ಮ ಸೊಸೈಟಿ ಟೆರೇಸ್ ಮೇಲೆ ಕೋಜಾಗಿರಿ (ಆಶ್ವೀಜ ಹುಣ್ಣಿಮೆ ರಾತ್ರಿ ಮಸಾಲೆ ಹಾಲು ಕುಡಿಯುವ ಹಬ್ಬ), 25 ಜನರ ಮಸಾಲೆ ಹಾಲು ನಿಮ್ಮ ಪಾಲಿಗೆ, ಎಷ್ಟು ತರಲಿ, ಒಡೆದರೆ ಏನು ಗತಿ ಅಂತ ಕೇಳಿದ್ದೀರಿ. ಗಾಬರಿ ಬೇಡ.

ಎಮ್ಮೆ ಹಾಲು 5 ಲೀಟರ್ ಸಾಕು. ಕುದಿಸಿ 4 ಲೀಟರಿಗೆ ಇಳಿಸಿದರೆ ತಲೆಗೊಂದು ಸಣ್ಣ ಲೋಟ. ಭೇಳ್, ಬಟಾಟೆ ವಡೆ ತಿಂದವರು ಅದಕ್ಕಿಂತ ಹೆಚ್ಚು ಕುಡಿಯೋಲ್ಲ. ಆಶ್ವೀಜ ಹುಣ್ಣಿಮೆಯ ದಿನ ಪುಣೆಯಲ್ಲಿ ಹಾಲಿಗೆ ಎಲ್ಲಿಲ್ಲದ ಬೇಡಿಕೆ, ಮುಂಚೆಯೇ ಹೇಳಿಡಿ.

ಕೈಕೊಡುವುದು ಹಾಲಲ್ಲ, ಮಸಾಲೆ. ಬಾದಾಮಿ 100 ಗ್ರಾಂ, ಪಿಸ್ತಾ 50 ಗ್ರಾಂ, ಏಲಕ್ಕಿ ಕಾಳು, ಜೊತೆಗೆ ಎರಡು ಚಮಚ ಸಕ್ಕರೆ ಹಾಕಿ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತರಿತರಿಯಾಗಿದ್ದರೇ ರುಚಿ. ಜಾಯಿಕಾಯಿ ತುರಿದದ್ದು ಚಿಟಿಕೆ ಮಾತ್ರ. ಹೆಚ್ಚಾದರೆ ಔಷಧಿ ಕುಡಿದಂತೆ. ಕೇಸರಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ಹಾಕಿ. ಚಾರೋಳಿ ಮೇಲೆ ಉದುರಿಸಿ.

ಸಕ್ಕರೆ ಸುಮಾರು 400 ಗ್ರಾಂ, ಕೊನೆಗೆ. ಆರೋಗ್ಯಕ್ಕೆ ಅಂತ ಬೆಲ್ಲ ಹಾಕಲು ಹೋಗಬೇಡಿ, ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯಬಹುದು. ದಪ್ಪ ತಳದ ಪಾತ್ರೆ ಇರಲಿ. ಸೀದ ವಾಸನೆಯನ್ನು ಯಾವ ಕೇಸರಿಯೂ ಮುಚ್ಚೋಲ್ಲ.

ಹಾಲಿನಲ್ಲಿ ಚಂದ್ರ ಕಾಣಬೇಕು ಅನ್ನುವುದು ಇಲ್ಲಿಯ ಪದ್ಧತಿ, ಹಾಗಾಗಿ ಅಗಲ ಬಾಯಿಯ ಪಾತ್ರೆಯಲ್ಲಿ ಒಯ್ಯಿರಿ.

ಅವತ್ತೇ ನಮ್ಮ ಸೀಗಿ ಹುಣ್ಣಿಮೆ, ಊರಲ್ಲಿ ಹೊಲಕ್ಕೆ ಹೋಗಿ ಚರಗ, ಅಂದರೆ ಭೂತಾಯಿಗೆ ಎಡೆಯ ಅಡುಗೆ, ಚೆಲ್ಲುವ ದಿನ. ಕೈಲಾದರೆ ಒಂದಿಷ್ಟು ಶೇಂಗಾ ಹೋಳಿಗೆಯನ್ನೂ ಮಾಡಿ. ಹಿಂದಿನ ದಿನ ಮಾಡಿಟ್ಟರೂ ಕೆಡುವುದಿಲ್ಲ.