ಅಲೆಯಲ್ಲಿ ನೀರು ಸಾಗುವುದಿಲ್ಲ ಅಂದಮೇಲೆ ನಮ್ಮನ್ನು ಎಳೆಯುವುದು ಯಾವುದು?

ಪ್ರಶ್ನೆ: ಅಲೆಯಲ್ಲಿ ಶಕ್ತಿ ಮಾತ್ರ ಸಾಗುತ್ತದೆ, ನೀರು ಇದ್ದಲ್ಲೇ ಇರುತ್ತದೆ ಅಂತ ಪಾಠದಲ್ಲಿ ಓದಿದ್ದೇವೆ. ಹಾಗಾದರೆ ಬೀಚಿನಲ್ಲಿ ಜನ ಕೊಚ್ಚಿಕೊಂಡು ಹೋಗುವುದು ಹೇಗೆ ಸಾರ್?
(ಕಾಪುವಿನ ಪಿಯು ವಿದ್ಯಾರ್ಥಿನಿ)

ಉತ್ತರ: ಪ್ರತಿ ವರ್ಷ ಯಾರಾದರೂ ಇದನ್ನು ಕೇಳುತ್ತಾರೆ. ಪಾಠದಲ್ಲಿ ಇರುವುದು ತಪ್ಪಲ್ಲ, ಅರ್ಧ. ಉಳಿದ ಅರ್ಧವನ್ನು ಹೇಳದೆ ಬಿಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಜೀವ ಹೋಗುವುದು ಆ ಅರ್ಧದಲ್ಲಿ.

ಬಾವಿಯ ಹಗ್ಗದ ಒಂದು ತುದಿಯನ್ನು ತೆಂಗಿನಮರಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಕುಲುಕಿ. ಉಬ್ಬು ಮರದವರೆಗೆ ಓಡುತ್ತದೆ, ಹಗ್ಗ ನಿಮ್ಮ ಕೈಯಲ್ಲೇ ಇರುತ್ತದೆ. ಆಳ ಸಮುದ್ರದಲ್ಲೂ ಹೀಗೇ. ಅಲೆ ಬಂದಾಗ ದೋಣಿ ಏರುತ್ತದೆ, ಚೂರು ಮುಂದೆ ಹೋಗುತ್ತದೆ, ಇಳಿದು ಹಿಂದೆ ಬರುತ್ತದೆ. ನೀರೂ ಹಾಗೇ ಸುತ್ತು ಹೊಡೆದು ಹೆಚ್ಚುಕಮ್ಮಿ ಮೊದಲಿದ್ದಲ್ಲಿಗೇ ಮರಳುತ್ತದೆ. ಅಲೆ ಮಾತ್ರ ಓಡುತ್ತಿರುತ್ತದೆ. 10 ಸೆಕೆಂಡಿಗೊಂದರಂತೆ ಬರುವ ಅಲೆಯ ವೇಗ ಆಳದಲ್ಲಿ ಗಂಟೆಗೆ ಸುಮಾರು 56 ಕಿ.ಮೀ.

ದಡ ಹತ್ತಿರವಾದಂತೆ ತಳ ಅಡ್ಡ ಬರುತ್ತದೆ. ಒಂದು ಮೀಟರ್ ಆಳದಲ್ಲಿ ಅದೇ ಅಲೆಯ ವೇಗ ಗಂಟೆಗೆ 11 ಕಿ.ಮೀ.ಗೆ ಇಳಿಯುತ್ತದೆ. ಮುಂದಿನ ಭಾಗ ನಿಧಾನ, ಹಿಂದಿನದು ಇನ್ನೂ ಜೋರು. ಶಕ್ತಿಗೆ ಜಾಗ ಸಾಲದೆ ಅಲೆ ಎತ್ತರವಾಗುತ್ತದೆ. ಎತ್ತರ ಆಳದ ಮುಕ್ಕಾಲು ಭಾಗ ದಾಟುವ ಹೊತ್ತಿಗೆ ಮಗುಚಿ ಒಡೆಯುತ್ತದೆ. ಪಾಠದ ಮಾತು ಇಲ್ಲಿಗೆ ಮುಗಿಯಿತು. ಇಲ್ಲಿಂದ ಮುಂದೆ ನೀರೇ ನುಗ್ಗುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಒಂದು ಟನ್ನಿಗಿಂತ ಜಾಸ್ತಿ. ಅಲೆಯ ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು.

ದಡಕ್ಕೆ ನುಗ್ಗಿದ ನೀರು ವಾಪಸ್ ಹೋಗಲೇಬೇಕು, ಅಲ್ವಾ? ನೀರಿನಡಿಯ ಮರಳದಿಬ್ಬಗಳ ನಡುವೆ ಸಂದು ಸಿಕ್ಕರೆ ಅಷ್ಟೂ ನೀರು ಅದರಲ್ಲಿ ಹೊಳೆಯಂತೆ ಹೊರಗೆ ಹರಿಯುತ್ತದೆ. ಇದೇ ರಿಪ್ ಕರೆಂಟ್. ಕೆಲವೊಮ್ಮೆ ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ. ಒಲಿಂಪಿಕ್ಸ್ ಈಜುಗಾರರ ವೇಗವೂ ಹೆಚ್ಚುಕಮ್ಮಿ ಅಷ್ಟೇ. ಆ ಸಂದಿನಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯುವುದಿಲ್ಲ. ಮೇಲಿಂದ ನೋಡಿದರೆ ಶಾಂತ. "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂತ ಜನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತಾರೆ. ಎರಡೂ ಕಡೆ ನೊರೆ ಇದ್ದು ನಡುವೆ ಕೆಸರು ಬಣ್ಣದ ನೀರಿನ ಪಟ್ಟಿ ಕಂಡರೆ ಅಲ್ಲಿ ಇಳಿಯಬೇಡಿ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರವಂತೂ ಬೇಡವೇ ಬೇಡ. ಇಳಿತದ ಹೊತ್ತಿನಲ್ಲಿ ಅಲ್ಲಿ ಹೊಳೆಯ ನೀರೂ ಸೇರಿ ಹೊರಗೆ ಎಳೆಯುತ್ತದೆ.

ಸಮುದ್ರ ಅಡಿಗೆ ಎಳೆದುಕೊಳ್ಳುತ್ತದೆ ಅನ್ನುವುದು ಸುಳ್ಳು. ಈ ಹರಿವು ಎಳೆಯುವುದು ಹೊರಗೆ, ಕೆಳಗೆ ಅಲ್ಲ. ಹೆದರಿ ದಡದ ಕಡೆಗೇ ಈಜಿ ಈಜಿ ಸುಸ್ತಾದವರು ಮುಳುಗುತ್ತಾರೆ. ಸಿಕ್ಕಿಬಿದ್ದರೆ ಸೆಣಸಬೇಡಿ. ತೇಲಿ, ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ, ಎಳೆತ ಕಮ್ಮಿಯಾದ ಮೇಲೆ ದಡದ ಕಡೆ ತಿರುಗಿ. ದಡದಲ್ಲಿರುವವರು ಹಿಂದೆಯೇ ಹಾರಬೇಡಿ. ಖಾಲಿ ಕ್ಯಾನ್, ಟ್ಯೂಬ್, ಹಗ್ಗ, ಏನು ಸಿಕ್ಕರೆ ಅದನ್ನು ಎಸೆಯಿರಿ, ಲೈಫ್‌ಗಾರ್ಡ್‌ಗಳನ್ನು ಕರೆಯಿರಿ.

ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಕಾಲಿಡುವುದಿಲ್ಲ. ಉಳಿದ ದಿನಗಳಲ್ಲೂ ಮೊಣಕಾಲಿನವರೆಗೆ ಅಷ್ಟೇ. ನನ್ನದು ಅತಿಯಾಯಿತು ಅನ್ನುವವರಿದ್ದಾರೆ. ಅನ್ನಲಿ.

ಪ್ರಶ್ನೆ: ಏಳನೇ ಅಲೆ ಯಾವಾಗಲೂ ದೊಡ್ಡದಂತೆ. ಎಣಿಸಿಕೊಂಡು ಇಳಿಯಬಹುದಾ?
(ಉಳ್ಳಾಲ)

ಉತ್ತರ: ಬೇಡ. ಬೇರೆ ಬೇರೆ ಕಡೆಯಿಂದ ಬಂದ ಅಲೆಗಳು ಒಂದರ ಮೇಲೊಂದು ಕೂಡಿದಾಗ ದೊಡ್ಡದಾಗುತ್ತದೆ. ಅದು ಮೂರನೆಯದೂ ಆಗಬಹುದು, ಹದಿನೈದನೆಯದೂ ಆಗಬಹುದು.

ಪ್ರಶ್ನೆ: ಕರೆಂಟೇ ಬೇಡದ ಆಯಸ್ಕಾಂತದ ಜನರೇಟರಿಗೆ ಮುಂಗಡ ಕೇಳುತ್ತಿದ್ದಾರೆ. ತೆಗೆದುಕೊಳ್ಳಬಹುದಾ?
(ಸುರತ್ಕಲ್)

ಉತ್ತರ: ಅದು ಶುದ್ಧ ಮೋಸ. ಶಕ್ತಿ ಸುಮ್ನೆ ಹುಟ್ಟುವುದಿಲ್ಲ. ದುಡ್ಡು ಕೊಟ್ಟಾಗಿದ್ದರೆ ಇವತ್ತೇ ವಾಪಸ್ ಕೇಳಿ.

ಪ್ರಶ್ನೆ: ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ನಮ್ಮನ್ನು ಮುಂದಕ್ಕೆ ತಳ್ಳುವ ಬಲ ಯಾವುದು?
(ಮೂಲ್ಕಿ)

ಉತ್ತರ: ಯಾರೂ ತಳ್ಳುವುದಿಲ್ಲ. ನಿಂತದ್ದು ಬಸ್ಸು, ನೀವು ಇನ್ನೂ ಹೋಗುತ್ತಲೇ ಇದ್ದೀರಿ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಕೇಳುತ್ತಾರೆ. ನೀವು ಕೇಳಬೇಕಾದದ್ದು ಬೇರೆ ಇದೆ: ವೇಗ 40ರಿಂದ 80ಕ್ಕೆ ಏರಿದರೆ, ಬ್ರೇಕ್ ಒತ್ತಿದ ಮೇಲೆ ಬಸ್ಸು ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ಫುಟ್‌ಬೋರ್ಡಿನಲ್ಲಿ ನೇತಾಡುವ ಮಕ್ಕಳಿಗೆ ಇದನ್ನು ಹೇಳಿ, ಒಳಗೆ ಕರೆದು ನಿಲ್ಲಿಸಿ.