ನಕ್ಷೆಯ ಮೇಲಿನ ಬಾಣ ಕೆಲವೊಮ್ಮೆ ವಿರುದ್ಧ ದಿಕ್ಕನ್ನೇಕೆ ತೋರಿಸುತ್ತದೆ?

ಎರಡು ಸ್ಥಳಗಳ ನಡುವಿನ ದಿಕ್ಕನ್ನು ಏಟ್ಯಾನ್ (atan, ಭಾಗಲಬ್ಧದಿಂದ ಕೋನ ಹೇಳುವ) ಫಂಕ್ಷನ್ನಿನಿಂದ ಲೆಕ್ಕ ಹಾಕಿದರೆ ಬಾಣ ಒಮ್ಮೆ ಸರಿಯಾಗಿಯೂ ಮತ್ತೊಮ್ಮೆ ನೇರ ಹಿಂದಕ್ಕೂ ತಿರುಗುತ್ತದೆ ಎಂದು ಬರೆದಿದ್ದೀರಿ. ತಾವು ತ್ರಿಕೋನಮಿತಿಯಲ್ಲಿ ತಪ್ಪಿಲ್ಲ. ಅದಕ್ಕೂ ಮೊದಲು ಮಾಡಿದ ಭಾಗಾಕಾರದಲ್ಲಿ ಎಡವಿದ್ದೀರಿ.

ನಾನೂ ಎಡವಿದವನೇ. ಮೈಸೂರು ಮತ್ತು ಮಂಡ್ಯದ ನಡುವೆ ಓಡಾಡುವ ಹಾಲಿನ ವ್ಯಾನೊಂದನ್ನು ನಕ್ಷೆಯಲ್ಲಿ ತೋರಿಸುವ ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಹೋಗುವಾಗ ಸರಿಯಿದ್ದ ಬಾಣ ಬರುವಾಗಲೂ ಮಂಡ್ಯಕ್ಕೇ ಮುಖ ಮಾಡಿತ್ತು. ಪರದೆ ನೋಡಿದ ಚಾಲಕರು, “ಸಾರ್, ಅಲ್ಲಿಂದ ಇಲ್ಲೀವರೆಗೂ ರಿವರ್ಸಲ್ಲೇ ಬಂದ್ನಾ ನಾನು?” ಎಂದು ಕೇಳಿದರು.

ಮಂಡ್ಯವು ಮೈಸೂರಿನಿಂದ ಪೂರ್ವಕ್ಕೆ ಸುಮಾರು 28 ಕಿ.ಮೀ., ಉತ್ತರಕ್ಕೆ ಸುಮಾರು 25 ಕಿ.ಮೀ. ಸರಿದಿದೆ. 25ನ್ನು 28ರಿಂದ ಭಾಗಿಸಿದರೆ 0.89 ಬರುತ್ತದೆ, ಅದರ ಏಟ್ಯಾನ್ ಹೆಚ್ಚುಕಡಿಮೆ 42 ಡಿಗ್ರಿ. ಮರಳುವಾಗ ಎರಡೂ ಸಂಖ್ಯೆಗಳು ಋಣವಾಗುತ್ತವೆ. ಆದರೆ ಋಣವನ್ನು ಋಣದಿಂದ ಭಾಗಿಸಿದರೆ ಮತ್ತದೇ 0.89 ಬರುವುದರಿಂದ, ವ್ಯಾನು ಯಾವ ಕಡೆಗೆ ಹೊರಟಿತ್ತೆಂಬುದು ಏಟ್ಯಾನ್‌ಗೆ ತಿಳಿಯುವ ದಾರಿಯೇ ಇಲ್ಲ. ಅದರ ಉತ್ತರ ಎಂದಿಗೂ −90 ಮತ್ತು 90 ಡಿಗ್ರಿಗಳ ನಡುವೆಯೇ ಇರುತ್ತದೆ.

ಏಟ್ಯಾನ್2 (atan2) ಎಂಬ ಇನ್ನೊಂದು ಫಂಕ್ಷನ್ ಇರುವುದು ಇದಕ್ಕಾಗಿಯೇ. ಅದು ಎರಡು ಸಂಖ್ಯೆಗಳನ್ನು ಭಾಗಿಸದೆ ಬೇರೆಬೇರೆಯಾಗಿ ಪಡೆದು, ಅವುಗಳ ಚಿಹ್ನೆ ನೋಡಿ, ಮರುಪ್ರಯಾಣಕ್ಕೆ −138 ಡಿಗ್ರಿ ಎನ್ನುತ್ತದೆ. ವ್ಯಾನು ನೇರ ಉತ್ತರಕ್ಕೆ ಹೊರಟಾಗ ಸೊನ್ನೆಯಿಂದ ಭಾಗಿಸಿ ಪೈಥಾನ್ ಭಾಷೆಯ ಪ್ರೋಗ್ರಾಂ ನಿಂತುಹೋಗುವ ಕಾಟವೂ ತಪ್ಪುತ್ತದೆ. ಫಂಕ್ಷನ್ ಕೊಡುವ ಉತ್ತರ ರೇಡಿಯನ್ ಎಂಬ ಬೇರೆ ಅಳತೆಯಲ್ಲಿ ಬರುವುದರಿಂದ ಡಿಗ್ರಿಗೆ ಬದಲಿಸಿಕೊಳ್ಳಬೇಕು. ಈ ಕೋನ ಪೂರ್ವದಿಂದ ಎಡಕ್ಕೆ, ಅಂದರೆ ಉತ್ತರದ ಕಡೆಗೆ ಅಳೆದದ್ದು. ಉತ್ತರದಿಂದ ಬಲಕ್ಕೆ ಅಳೆಯುವ ದಿಕ್ಸೂಚಿಯ ಲೆಕ್ಕ ಬೇಕಿದ್ದರೆ 90ರಿಂದ ಕಳೆಯಿರಿ, ಹೋಗುವಾಗ 48, ಬರುವಾಗ 228 ಡಿಗ್ರಿ ಸಿಗುತ್ತದೆ.

ದೂರದ ಲೆಕ್ಕಕ್ಕೆ ಏಕಾಸ್ (acos, ಕೊಸೈನ್ ಬೆಲೆಯಿಂದ ಕೋನ ಹೇಳುವ ಫಂಕ್ಷನ್) ಬಳಸುವವರಿಗೆ ಇನ್ನೊಂದು ಮಾತು. ವ್ಯಾನು ನಿಂತಲ್ಲೇ ನಿಂತಿದ್ದಾಗ ಕೋನ ಸೊನ್ನೆ, ಅದರ ಕೊಸೈನ್ ಸರಿಯಾಗಿ 1 ಬರಬೇಕು. ದಶಮಾಂಶ ಲೆಕ್ಕದ ಅಂದಾಜಿನಿಂದ ಅದು 1.0000000000000002 ಆದರೂ ಸಾಕು, ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ, ಜಾವಾಸ್ಕ್ರಿಪ್ಟ್ ಸದ್ದಿಲ್ಲದೆ ‘ನ್ಯಾನ್’ (NaN, ಅಂದರೆ ಸಂಖ್ಯೆಯಲ್ಲ) ಕೊಟ್ಟು ಮುಂದೆ ಸಾಗುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ. ಏಕಾಸ್‌ಗೆ ಕೊಡುವ ಮೊದಲು ಸಂಖ್ಯೆಯನ್ನು −1 ಮತ್ತು 1ರ ನಡುವೆ ಹಿಡಿದಿಡಿ.

ಏಟ್ಯಾನ್2ಗೆ ಬಹುತೇಕ ಭಾಷೆಗಳಲ್ಲಿ ಮೊದಲು ವೈ (ಇಲ್ಲಿ ಉತ್ತರದ ದೂರ), ಆಮೇಲೆ ಎಕ್ಸ್ (ಪೂರ್ವದ ದೂರ) ಕೊಡಬೇಕು. ಎಕ್ಸೆಲ್‌ನಲ್ಲಿ ಈ ಕ್ರಮ ತಿರುವುಮುರುವು, ಆದ್ದರಿಂದ ಅಲ್ಲಿ ಪರೀಕ್ಷಿಸಿದ ಸೂತ್ರವನ್ನು ಹಾಗೆಯೇ ಕೋಡಿಗೆ ನಕಲು ಮಾಡಬೇಡಿ.